ಯಾರನ್ನು ನೋಡಿ ಬರೆದದ್ದು?

ಪತ್ರಿಕೆಯ ಕತೆಗಳಿಗೆ ಚಿತ್ರ ಬರೆಯುವವನಿಗೆ ನಮ್ಮ ಪುತ್ತೂರಿನ ಕಡೆ ಸಿಗುತ್ತಿದ್ದ ಪ್ರಶ್ನೆಗಳು ಎರಡೇ. ‘ಇದಕ್ಕೆ ಎಷ್ಟು ಕೊಡ್ತಾರೆ?’ ಎಂಬುದು ಒಂದು, ‘ಇದು ಯಾರನ್ನು ನೋಡಿ ಬರ್ದದ್ದು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾವು ಸಿಕ್ಕಿದ್ದಕ್ಕಿಂತ ಹೆಚ್ಚು ಹೇಳುತ್ತಿದ್ದೆವು. ಎರಡನೆಯದಕ್ಕೆ ‘ಹಾಗೇ, ತಲೆಯಿಂದ’ ಅನ್ನುತ್ತಿದ್ದೆವು. ನೋಡಿ ಬರೆಯುವುದೆಂದರೆ ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದ್ದ ಹಾಗೆ ಎಂಬ ಭಾವನೆ ಊರಿಗೂ ಇತ್ತು, ನಮಗೂ ಇತ್ತು.

ಆದರೆ ಬರೀ ತಲೆಯಿಂದ ಬರೆದವರು ಎಲ್ಲೂ ಇರಲಿಲ್ಲ. ರವಿವರ್ಮನ ದೇವಿಯರಿಗೂ ಅವನ ಎದುರು ಸೀರೆಯುಟ್ಟು ಕುಳಿತ ಹೆಂಗಸರಿದ್ದರು. ಅಮೆರಿಕದ ಮನೆಮನೆಗೆ ಗೊತ್ತಿದ್ದ ನಾರ್ಮನ್ ರಾಕ್‌ವೆಲ್ 1930ರ ದಶಕದ ನಡುವಿನಿಂದ ನೆರೆಕರೆಯವರನ್ನೇ ನಿಲ್ಲಿಸಿ ಫೋಟೊ ತೆಗೆಸಿ, ಅದನ್ನು ಯಂತ್ರದಿಂದ ಕ್ಯಾನ್ವಾಸಿನ ಮೇಲೆ ಬೀಳಿಸಿ ಗೆರೆ ಎಳೆದುಕೊಳ್ಳುತ್ತಿದ್ದ. ಅದು ಗೊತ್ತಾದಾಗ ನಮ್ಮಲ್ಲಿ ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ಬೇಸರವಾಯಿತು. ನೋಡುವುದರಲ್ಲಿ ಅವಮಾನವಿಲ್ಲ. ಏನನ್ನು ನೋಡಿದೆವು, ಅದು ಯಾರಿಂದ ಬಂತು ಎಂಬ ಲೆಕ್ಕ ಮಾತ್ರ ಇಡಬೇಕು. ಆ ಲೆಕ್ಕವನ್ನು ನಾವು ಆಗಲೂ ಇಡಲಿಲ್ಲ, ಈಗಿನವರೂ ಇಡುತ್ತಿಲ್ಲ.

ಶಾಲೆಯಲ್ಲಿ ‘ಮಾಡೆಲ್’ ಅಂದರೆ ಮರದ ತುಂಡು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಹಳೆಯ ಡ್ರಾಯಿಂಗ್ ಮಾಸ್ಟ್ರುಗಳು ಮದ್ರಾಸ್ ಸರಕಾರದ ಪರೀಕ್ಷೆ ಪಾಸಾದವರು. ಫ್ರೀಹ್ಯಾಂಡ್ ಒಂದು ಪೇಪರು, ಮಾಡೆಲ್ ಡ್ರಾಯಿಂಗ್ ಇನ್ನೊಂದು. ಮೇಜಿನ ಮೇಲೆ ಒಂದು ಘನ, ಒಂದು ಶಂಕು, ಒಂದು ಸಿಲಿಂಡರು, ಕಿಟಕಿಯಿಂದ ಬೆಳಕು, ನೆರಳಿಗೆ 2ಬಿ ಪೆನ್ಸಿಲು. ಈ ಪಾಠ ಕೆಟ್ಟದ್ದಲ್ಲ. ಶಂಕುವಿನ ನೆರಳು ಎತ್ತ ಬೀಳುತ್ತದೆ ಎಂದು ಗೊತ್ತಿದ್ದವನಿಗೆ ಮೂಗಿನ ನೆರಳು ಎತ್ತ ಬೀಳುತ್ತದೆ ಎಂಬುದೂ ಗೊತ್ತಾಗುತ್ತದೆ. ಆದರೆ ಮನುಷ್ಯನನ್ನು ಎದುರು ಕೂರಿಸಿ ಬರೆಯಬಹುದು ಎಂದು ಯಾರೂ ಹೇಳಿಕೊಡಲಿಲ್ಲ. ಅದಕ್ಕೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಹೋಗಲಾಗದವರಿಗೆ ಅಂಚೆ ಇತ್ತು. ಚಂದಮಾಮದ ಮುಖಪುಟಗಳಿಗೆ ಮಹಾಭಾರತದ ಚಿತ್ರ ಬರೆದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಿಂದ ಅಂಚೆಯ ಮೂಲಕವೇ ಚಿತ್ರಕಲೆ ಕಲಿಸುತ್ತಿದ್ದರು. ನಮ್ಮ ಕಡೆಯ ಎಷ್ಟೋ ಬೋರ್ಡ್ ಪೇಂಟರುಗಳಿಗೆ ಕೈಕಾಲುಗಳ ಅಳತೆ ಮೊದಲು ಸಿಕ್ಕಿದ್ದು ಅಂತಹ ಪಾಠದ ಹಾಳೆಗಳಲ್ಲಿ.

ಉಳಿದದ್ದೆಲ್ಲ ‘ಕಟ್ಟಿಂಗ್ಸ್’. ಪ್ರತಿಯೊಬ್ಬ ಚಿತ್ರಗಾರನ ಮನೆಯಲ್ಲೂ ಒಂದು ಟ್ರಂಕು ಇರುತ್ತಿತ್ತು. ಸೋವಿಯತ್ ಲ್ಯಾಂಡಿನ ಟ್ರ್ಯಾಕ್ಟರು, ಇಲ್ಲಸ್ಟ್ರೇಟೆಡ್ ವೀಕ್ಲಿಯ ವಿಮಾನ, ಜವುಳಿ ಅಂಗಡಿಯ ಕ್ಯಾಲೆಂಡರಿನ ಹೆಣ್ಣು, ಸಿನಿಮಾದ ಹಾಡಿನ ಪುಸ್ತಕದ ಹೀರೋ, ಔಷಧಿ ಕಂಪನಿಯ ಜಾಹೀರಾತಿನ ಡಾಕ್ಟರು. ಕೈಗಳು ಒಂದು ಕವರಿನಲ್ಲಿ, ಕುದುರೆಗಳು ಇನ್ನೊಂದರಲ್ಲಿ. ರೈಲಿನಲ್ಲಿ ಕುಳಿತ ಮುದುಕನ ಚಿತ್ರ ಬೇಕೆಂದು ಸಂಪಾದಕರ ಕಾರ್ಡು ಬಂದರೆ ಮೊದಲು ಕೈ ಹೋಗುತ್ತಿದ್ದದ್ದು ಟ್ರಂಕಿಗೆ. ರೈಲು ಒಂದು ಕತ್ತರಿಕೆಯಿಂದ, ಮುದುಕ ಇನ್ನೊಂದರಿಂದ. ಎರಡರ ಬೆಳಕೂ ಬೇರೆ ಬೇರೆ ದಿಕ್ಕಿನದ್ದು. ಆ ಬೆಳಕನ್ನು ಒಂದು ಮಾಡುವುದೇ ಕಸುಬು.

ಟ್ರಂಕಿನಲ್ಲಿ ಸಿಗದ್ದಕ್ಕೆ ಶಾಲೆಯ ಲೈಬ್ರರಿ. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದುಕೊಂಡು ಮಾಡಿದ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರವು, ಆಮೇಲೆ ಬಂದದ್ದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ಯ ಪ್ರಧಾನ ಸಂಪಾದಕರಾದರು. ಕನ್ನಡದ ಹುಡುಗರಿಗೆ ಲೋಕ ತೋರಿಸಿದ ಈ ವಿಶ್ವಕೋಶಗಳ ಬೇರು ಇದೇ ಮೂಲೆಯಲ್ಲಿದೆ. ಓದುವವರು ಅದನ್ನು ಓದಿದರು. ನಾವು ಅದರಲ್ಲಿ ತಿಮಿಂಗಿಲ ಹೇಗಿರುತ್ತದೆ, ಪಿರಮಿಡ್ಡಿನ ಇಳಿಜಾರು ಎಷ್ಟು ಎಂದು ಹುಡುಕಿದೆವು. ಕಾರಂತರು ತಮ್ಮ ಪುಸ್ತಕಗಳ ಮುಖಪುಟವನ್ನೂ ಮಾಡುತ್ತಿದ್ದರು, ಮುದ್ರಣದ ಪ್ರಯೋಗಕ್ಕಿಳಿದು ಕೈಯೂ ಸುಟ್ಟುಕೊಂಡಿದ್ದರು. ಊರಿನ ಹೊರಗೆ ಕುಳಿತು ಇಷ್ಟೆಲ್ಲ ಮಾಡಬಹುದು ಎಂಬುದಕ್ಕೆ ಅವರೇ ಸಾಕ್ಷಿ. ನಷ್ಟವಾಗುತ್ತದೆ ಎಂಬುದಕ್ಕೂ ಅವರೇ.

ನೋಡಿದ್ದನ್ನೆಲ್ಲ ಗೆರೆಗೆ ಇಳಿಸಬೇಕಾಗಿದ್ದಕ್ಕೆ ಕಾರಣ ಕಲೆಯಲ್ಲ, ಬ್ಲಾಕು. ಫೋಟೊದ ಹಾಗೆ ಬೂದು ಛಾಯೆ ಬೇಕಾದರೆ ಹಾಫ್‌ಟೋನ್ ಬ್ಲಾಕ್ ಮಾಡಿಸಬೇಕು. ಅದು ದುಬಾರಿ, ಜೊತೆಗೆ ಅಗ್ಗದ ಕಾಗದದ ಮೇಲೆ ಮಸಿ ಕಲಸಿಹೋಗುತ್ತಿತ್ತು. ಲೈನ್ ಬ್ಲಾಕಿನಲ್ಲಿ ಇರುವುದು ಕಪ್ಪು ಅಥವಾ ಬಿಳಿ. ಹಾಗಾಗಿ ಫೋಟೊ ನೋಡಿದರೂ ಅದರಲ್ಲಿ ಯಾವುದನ್ನು ಕಪ್ಪು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಚಿತ್ರಗಾರನೇ ತೀರ್ಮಾನಿಸಬೇಕಿತ್ತು. ಬರೀ ನಕಲಿನಿಂದ ನಮ್ಮನ್ನು ಸ್ವಲ್ಪವಾದರೂ ಪಾರುಮಾಡಿದ್ದು ಈ ಬಡತನ. 1970ರಲ್ಲಿ ಮಣಿಪಾಲದಿಂದ ಉದಯವಾಣಿ ಹೊರಟ ಮೇಲೆ, 1983ರಲ್ಲಿ ತರಂಗ ಬಂದ ಮೇಲೆ, ಆಫ್‌ಸೆಟ್ಟಿನ ಸೊಗಸು ನಮ್ಮ ಜಿಲ್ಲೆಯ ಕಣ್ಣಿಗೆ ಅಭ್ಯಾಸವಾಯಿತು. ಜಲವರ್ಣವೂ ಅಚ್ಚಾಗುತ್ತದೆ ಎಂದಾದಾಗ ಟ್ರಂಕಿನ ಫೋಟೊವನ್ನು ಇದ್ದ ಹಾಗೇ ಎತ್ತಿಡುವವರೂ ಹೆಚ್ಚಿದರು.

ಜೀವಂತ ಮಾಡೆಲುಗಳ ಕತೆ ಬೇರೆ. ತೋಟದ ಕೆಲಸಕ್ಕೆ ಬಂದವನನ್ನು ‘ಸ್ವಲ್ಪ ಹಾರೆ ಹಿಡಿದು ನಿಲ್ಲು’ ಎಂದು ಕೇಳಿದರೆ ಅವನು ಮೊದಲು ಮಾಡುವ ಕೆಲಸ ಮುಖ ತೊಳೆಯುವುದು. ಮರುದಿನಕ್ಕೆ ಹೇಳಿದರೆ ತಲೆಗೆ ಎಣ್ಣೆ ಹಾಕಿ, ಜಾತ್ರೆಯ ಅಂಗಿ ಹಾಕಿಕೊಂಡು ಬರುತ್ತಿದ್ದ. ಅರ್ಧ ಗಂಟೆ ಹಾರೆ ಎತ್ತಿ ಬಾಗಿ ನಿಲ್ಲುವುದು ಅರ್ಧ ಗಂಟೆ ಗುಂಡಿ ತೋಡುವುದಕ್ಕಿಂತ ಕಷ್ಟ. ಅಗೆಯುವವನ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುತ್ತಾ ಇರುತ್ತದೆ. ನಿಂತವನ ಭಾರವೆಲ್ಲ ಒಂದೇ ಸೊಂಟದ ಮೇಲೆ. ‘ಇನ್ನೂ ಆಗ್ಲಿಲ್ವಾ ಮಾರಾಯ್ರೆ?’ ಎಂಬ ಮಾತು ಬರುವ ಹೊತ್ತಿಗೆ ಭುಜ ಜೋತುಬಿದ್ದಿರುತ್ತದೆ, ಹಾರೆ ಕೆಳಗಿಳಿದಿರುತ್ತದೆ. ಅವನಿಗೆ ಸಿಗುತ್ತಿದ್ದದ್ದು ಒಂದು ಚಾ, ಬೀಡಿ. ಆ ಅರ್ಧ ಗಂಟೆಯ ಸಂಬಳ ಕೊಟ್ಟದ್ದು ತೋಟದ ಯಜಮಾನ. ಚಿತ್ರದ ಹಣ ಸಿಕ್ಕಿದ್ದು ಚಿತ್ರಗಾರನಿಗೆ. ಪತ್ರಿಕೆಯಲ್ಲಿ ಬಂದ ತನ್ನ ಬೆನ್ನನ್ನು ನಿಂತವನು ನೋಡಿದ್ದೂ ಕಡಿಮೆ.

ಹೆಂಗಸರನ್ನು ಹೀಗೆ ನಿಲ್ಲಿಸುವ ಹಾಗೇ ಇರಲಿಲ್ಲ. ನೇಜಿ ನೆಡುವವಳನ್ನು ಗದ್ದೆಯ ಬದುವಿನಲ್ಲಿ ನಿಂತು ಪುಸ್ತಕ ಹಿಡಿದು ನೋಡಿದರೆ ಸಂಜೆಯೊಳಗೆ ಊರಿಡೀ ಸುದ್ದಿ. ಮನೆಯ ತಂಗಿಯರು ಒಂದೆರಡು ಸಲ ಒಪ್ಪಿಯಾರು, ಮದುವೆಯ ಮಾತು ಶುರುವಾದ ಮೇಲೆ ಅದೂ ಇಲ್ಲ. ಹಾಗಾಗಿ ಹೆಂಗಸರು ಟ್ರಂಕಿನಿಂದಲೇ ಬರಬೇಕಾಯಿತು, ಅಂದರೆ ಕ್ಯಾಲೆಂಡರಿನಿಂದ. ಗುಲ್ಬರ್ಗದ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಕುಳಿತು ಬರೆದ ಶಕುಂತಲೆ, ರಾಧೆಯರ ಕಣ್ಣು ಮೂಗುಗಳು ದೇಶದ ಗೋಡೆಗಳ ಮೇಲೆಲ್ಲ ಇದ್ದವು. ಅವೇ ನಮ್ಮ ಕತೆಗಳ ಲಲಿತೆ, ಗಿರಿಜೆಯರಿಗೂ ಬಂದವು. ಆ ಕಾಲದ ಚಿತ್ರಗಳನ್ನು ಈಗ ತೆಗೆದು ನೋಡಿದರೆ ಒಂದೇ ಮನೆಯಲ್ಲಿ ಗಂಡ ಬೆಟ್ಟಂಪಾಡಿಯವನು, ಹೆಂಡತಿ ಬೊಂಬಾಯಿಯವಳು. ಗಂಡನ ಕಾಲಿನ ಬಿರುಕು ಕೂಡ ಕಾಣುತ್ತದೆ. ಹೆಂಡತಿಗೆ ಬೆವರೇ ಇಲ್ಲ. ಓದುಗರು ಇದನ್ನು ಚಿತ್ರಗಾರನ ರುಚಿ ಅಂದುಕೊಂಡರು. ಅರ್ಧ ರುಚಿ ನಿಜ, ಉಳಿದರ್ಧ ಊರಿನ ಕಟ್ಟು.

ಎದುರಿಗಿದ್ದರೂ ನೋಡಿ ಬರೆಯಲಾಗದ ಸಂಗತಿಗಳೂ ಇದ್ದವು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವನು ಒಂದು ಅಡಿಕೆ ಮರದ ತುದಿಯಲ್ಲಿದ್ದುಕೊಂಡೇ ಮರವನ್ನು ಬಳುಕಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಆ ದಾಟುವ ಗಳಿಗೆಯಲ್ಲಿ ಕೈ ಎಲ್ಲಿತ್ತು, ಕಾಲಿನ ತಳೆ ಎಲ್ಲಿತ್ತು? ನಿಲ್ಲು ಅನ್ನುವ ಹಾಗಿಲ್ಲ. ಕಂಬಳದ ಕೋಣವನ್ನೂ ನಿಲ್ಲಿಸುವ ಹಾಗಿಲ್ಲ. ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲೋ ಉಪ್ಪಿನಂಗಡಿಯಲ್ಲೋ ನಿಂತು ನೋಡಿದವನಿಗೆ ಕಾಣುವುದು ಕೆಸರುನೀರಿನ ಗೋಡೆ, ಅದರ ಹಿಂದೆ ನಾಲ್ಕು ಕೊಂಬು. ಕುದುರೆಯ ಓಟವನ್ನೂ ಯುರೋಪಿನ ಚಿತ್ರಗಾರರು ಶತಮಾನಗಳ ಕಾಲ ತಪ್ಪಾಗಿಯೇ ಬರೆದರು: ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಕುದುರೆ. ಮೈಬ್ರಿಜ್ 1878ರಲ್ಲಿ ಸಾಲಾಗಿ ಕ್ಯಾಮರಾ ಇಟ್ಟು ತೆಗೆದಾಗಲೇ, ನಾಲ್ಕೂ ಕಾಲು ನೆಲ ಬಿಟ್ಟಾಗ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಎಂದು ಗೊತ್ತಾದದ್ದು. ನಮ್ಮ ಕಡೆಯ ಬೋರ್ಡುಗಳಲ್ಲಿ ಅದಾಗಿ ನೂರು ವರ್ಷ ಕಳೆದರೂ ಕೋಣಗಳು ತೇಲುತ್ತಲೇ ಇದ್ದವು.

ಕೋಣಗಳಿಗಿಂತ ಹೆಚ್ಚು ತಪ್ಪು ಆಗುತ್ತಿದ್ದದ್ದು ಓಡಿಸುವವನದ್ದು. ಹಗ್ಗದ ವಿಭಾಗದಲ್ಲಿ ಅವನು ಕೋಣಗಳ ಹಿಂದೆ ಕಾಲಲ್ಲೇ ಓಡುತ್ತಾನೆ. ಅಡ್ಡಹಲಗೆಯಲ್ಲಿ ಹಲಗೆಯ ಮೇಲೆ ನಿಲ್ಲುತ್ತಾನೆ. ಕನೆಹಲಗೆಯಲ್ಲಿ ನಿಂತ ಮರದ ತುಂಡಿಗೆ ತೂತುಗಳಿದ್ದು, ನೀರು ಅದರಿಂದಲೇ ಮೇಲಕ್ಕೆ ಚಿಮ್ಮಬೇಕು. ಪತ್ರಿಕೆಯ ಚಿತ್ರದಲ್ಲಿ ಹಗ್ಗದವನ ಕಾಲಡಿಯಲ್ಲಿ ಹಲಗೆ ಕಂಡರೆ ಊರಿನ ಓದುಗ ಮುಂದಿನ ಲೇಖನವನ್ನು ನಂಬುತ್ತಿರಲಿಲ್ಲ.

ಯಕ್ಷಗಾನದಲ್ಲೂ ಇದೇ ಪಾಡು. ಬೆಂಗಳೂರಿನಲ್ಲಿ ಸಿಗುವ ಫೋಟೊಗಳು ಹೆಚ್ಚಾಗಿ ಬಡಗುತಿಟ್ಟಿನವು. ಕಸೆಸೀರೆಯ ಚೌಕುಳಿ, ಕಪ್ಪು ಮುಂಡಾಸಿಗೆ ಚಿನ್ನದ ಗೆರೆ. ಸುಳ್ಯದ ಬಯಲಿನಲ್ಲಿ ನಡೆಯುವ ಕತೆಗೆ ಆ ವೇಷ ಬಂದು ಕೂತರೆ, ತೆಂಕುತಿಟ್ಟು ನೋಡಿ ಬೆಳೆದವನಿಗೆ ಅದು ಬೇರೆ ಊರಿನ ಆಟ. ರಥಗಳೂ ಹಾಗೆಯೇ. ಕುಕ್ಕೆಯ ಬ್ರಹ್ಮರಥವನ್ನು ಕಟ್ಟುವವರು ಮಲೆಕುಡಿಯರು, ಬಿದಿರು ಮತ್ತು ಬೆತ್ತದಿಂದ. ಆ ಬೆತ್ತದ ನೇಯ್ಗೆ ನೋಡದವನು ಬಣ್ಣದ ಬಟ್ಟೆ ಸುತ್ತಿದ ಯಾವುದೋ ರಥ ಬರೆದು ಕೆಳಗೆ ಸುಬ್ರಹ್ಮಣ್ಯ ಎಂದು ಬರೆದರೆ, ಆ ಹೆಸರು ಮಾತ್ರ ಸುಬ್ರಹ್ಮಣ್ಯದ್ದು.

ಬೊಳುವಾರು ಮಹಮದ್ ಕುಂಞಿ ಪುತ್ತೂರಿನ ಬೊಳುವಾರಿನಿಂದ ಬಂದವರು. ಅವರು ಮುತ್ತುಪ್ಪಾಡಿ ಎಂಬ ಹಳ್ಳಿ ಕಟ್ಟಿ ಬ್ಯಾರಿ ಮುಸ್ಲಿಮರ ಬದುಕನ್ನು ಕನ್ನಡ ಕತೆಗಳಿಗೆ ತಂದಾಗ ಚಿತ್ರಗಾರರ ಟ್ರಂಕು ಖಾಲಿಯಾಗಿತ್ತು. ದೂರದ ಚಿತ್ರಗಾರನ ಕಲ್ಪನೆಯ ಮುಸ್ಲಿಮನಿಗೆ ಶೇರ್ವಾನಿ, ಕೆಂಪು ಗೊಂಡೆಯ ಟೊಪ್ಪಿ, ಹಿಂದಿ ಸಿನಿಮಾದ ಗಡ್ಡ. ನಮ್ಮ ಸಂತೆಯಲ್ಲಿ ಅಡಿಕೆ ತೂಗುವ ಬ್ಯಾರಿ ಉಟ್ಟದ್ದು ಮುಂಡು, ತಲೆಗೆ ಸುತ್ತಿದ್ದು ಒಂದು ತುಂಡು ಬಿಳಿ ಬಟ್ಟೆ. ಅವನ ತಾಯಿಯದ್ದು ಕುಪ್ಪಾಯ. ಇದನ್ನು ಬರೆಯಲು ಯಾವ ಪುಸ್ತಕವೂ ಬೇಡ, ಪುತ್ತೂರಿನ ಸಂತೆಗೆ ಹೋದರೆ ಸಾಕು. ಊರಿನ ಕಣ್ಣು ಪತ್ರಿಕೆಯ ಒಳಗೇ ಇದ್ದರೆ ಅದೊಂದು ಅನುಕೂಲ. 1949ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಚಂದ್ರನಾಥ ಆಚಾರ್ಯರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನದಲ್ಲಿ ಗ್ರಾಫಿಕ್ ಕಲೆ ಅಭ್ಯಾಸ ಮಾಡಿ, ಪ್ರಜಾವಾಣಿ ಬಳಗದಲ್ಲಿ ವರ್ಷಗಟ್ಟಲೆ ಚಿತ್ರಗಾರರಾಗಿದ್ದರು. ಅವರ ಗೆರೆ ಕಂಡ ಮೇಲೆ ನಮ್ಮ ಕಡೆಯ ಹುಡುಗರಿಗೆ ಕತೆಯ ಚಿತ್ರವೆಂದರೆ ಕತೆಯ ಒಂದು ದೃಶ್ಯವನ್ನು ಇದ್ದ ಹಾಗೆ ಕೊಡುವುದಷ್ಟೇ ಅಲ್ಲ ಎಂದು ತಿಳಿಯಿತು. ಆದರೆ ಅವರ ಗೆರೆಯೂ ಕತ್ತರಿಸಿ ಟ್ರಂಕಿಗೆ ಹೋಯಿತು. ಅದನ್ನೂ ನಕಲು ಮಾಡಿದರು.

ಕೆಲವು ಮುಖಗಳು ಒಮ್ಮೆ ಅಂಟಿದರೆ ಬಿಡಿಸಿಕೊಳ್ಳಲಾಗುವುದಿಲ್ಲ. ‘ಚೋಮನ ದುಡಿ’ 1933ರ ಕಾದಂಬರಿ. ನಲವತ್ತು ವರ್ಷ ಓದುಗರು ಚೋಮನನ್ನು ತಮ್ಮ ತಮ್ಮ ಊರಿನಿಂದಲೇ ಹೆಕ್ಕಿಕೊಂಡಿದ್ದರು. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂದು, ಎಂ.ವಿ. ವಾಸುದೇವ ರಾವ್ ಆ ಪಾತ್ರ ಮಾಡಿದ ಮೇಲೆ ಚೋಮನಿಗೆ ಬೇರೆ ಮುಖ ಕೊಡುವುದು ಚಿತ್ರಗಾರನಿಗೆ ಸುಲಭವಾಗಲಿಲ್ಲ. ಕೊಟ್ಟರೆ ‘ಇದು ಚೋಮ ಅಲ್ಲ’ ಅನ್ನುತ್ತಿದ್ದರು.

ಇದಕ್ಕೆ ತಿರುಗುಮುರುಗಾದ ಕಷ್ಟ ರೈತರ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರದ್ದು. ಕೊಡಗನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ನುಂಗಿದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾಕ್ಕೆ ಸೇರಿದವು. ಧಾನ್ಯದ ಬದಲು ನಗದಿನಲ್ಲಿ ತೆರಿಗೆ ಕೊಡಿ ಎಂಬ ಹುಕುಂ ರೈತರನ್ನು ಕೆರಳಿಸಿತು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿತು. ಲೋಕಕ್ಕೆ ಫೋಟೊಗ್ರಫಿಯ ಸುದ್ದಿ ತಿಳಿದದ್ದು 1839ರಲ್ಲಿ. ಹಾಗಾಗಿ ಆ ದಂಡಿನ ಮುಂದಾಳುಗಳ ಫೋಟೊ ಇರುವ ಪ್ರಶ್ನೆಯೇ ಇಲ್ಲ. ಆದರೂ ನಾಟಕದ ಪೋಸ್ಟರಿಗೆ, ಪುಸ್ತಕದ ಮುಖಪುಟಕ್ಕೆ ಮುಖ ಬೇಕು. 2022ರಲ್ಲಿ ಅದೇ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಇಂಥ ಕಡೆ ಆಧಾರವಾಗಬಹುದಾದದ್ದು ಸುತ್ತಲಿನದ್ದು: ಗೌಡರ ಮನೆಗಳ ಹಳೆಯ ಕತ್ತಿ, ಮದುವೆಯ ಉಡುಪು, ಅಜ್ಜಂದಿರ ಫೋಟೊದ ದವಡೆ. ಅದನ್ನು ಬಿಟ್ಟು ಶಿವಾಜಿಯ ಕ್ಯಾಲೆಂಡರಿನ ಗಡ್ಡ, ರಾಣಾ ಪ್ರತಾಪನ ಕುದುರೆ ತಂದರೆ ರೈತರ ದಂಗೆ ರಾಜರ ಯುದ್ಧವಾಗಿಬಿಡುತ್ತದೆ. ಚಿತ್ರಗಾರ ಮಾಡುವ ಇಂಥ ತಪ್ಪು ಇತಿಹಾಸಕಾರನ ತಪ್ಪಿಗಿಂತ ಬೇಗ ಹರಡುತ್ತದೆ. ಚಿತ್ರವನ್ನು ಎಲ್ಲರೂ ನೋಡುತ್ತಾರೆ, ಅಡಿಟಿಪ್ಪಣಿಯನ್ನಲ್ಲ.

ಈಗ ಟ್ರಂಕು ಬೇಡ. ಫ್ಲೆಕ್ಸ್ ಬಂದು ಬೋರ್ಡ್ ಪೇಂಟರುಗಳ ಅಂಗಡಿ ಮುಚ್ಚಿಸಿತು. ಕುಂಚ ಹಿಡಿದವರಲ್ಲಿ ಕೆಲವರು ಫ್ಲೆಕ್ಸ್ ಡಿಸೈನ್ ಕಲಿತರು, ಕೆಲವರು ರಬ್ಬರ್ ಟ್ಯಾಪಿಂಗಿಗೆ ಹೋದರು. ಕಡಬ ಈಗ ತಾಲೂಕು ಕೇಂದ್ರ, ಸುಬ್ರಹ್ಮಣ್ಯ ಸುಳ್ಯದಿಂದ ಕಡಬಕ್ಕೆ ಸೇರಿದೆ. ಅಲ್ಲಿನ ಹಳ್ಳಿಯೊಂದರಲ್ಲಿ ಕುಳಿತ ಹುಡುಗಿ ಟ್ಯಾಬ್ಲೆಟ್ಟಿನಲ್ಲಿ ಬರೆದ ಚಿತ್ರವನ್ನು ಬೆಂಗಳೂರಿನ ಪ್ರಕಾಶಕರಿಗೆ ಕಳಿಸುತ್ತಾಳೆ. ಅವಳ ಕೆಲಸದ ಕೆಲವು ಭಾಗ ನಮ್ಮದಕ್ಕಿಂತ ಖಂಡಿತ ಚೆನ್ನಾಗಿದೆ. ಅಡಿಕೆ ಮರ ದಾಟುವುದನ್ನು ಅವಳು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ತೆಗೆದು, ಬೇಕಾದಲ್ಲಿ ನಿಲ್ಲಿಸಿ, ಬೆರಳಿನ ಗಂಟನ್ನೂ ನೋಡಬಲ್ಲಳು. ನೇಜಿ ನೆಡುವ ಹೆಂಗಸರೊಂದಿಗೆ ತಾನೂ ಗದ್ದೆಗಿಳಿದು, ಮಾತಾಡಿ, ಅವರ ಬಾಗಿದ ಬೆನ್ನನ್ನೇ ಬರೆಯಬಲ್ಲಳು. ಬೊಂಬಾಯಿಯ ಹೆಂಡತಿ ಕೊನೆಗೂ ಆ ಮನೆ ಬಿಟ್ಟು ಹೋಗಿದ್ದಾಳೆ. ಹಳೆಯದೇ ಒಳ್ಳೆಯದಿತ್ತು ಅನ್ನುವವರು ಹಳೆಯ ಸಂಚಿಕೆಗಳನ್ನು ತೆರೆದು ನೋಡಿಲ್ಲ.

ಕೆಟ್ಟದ್ದೂ ಬಂದಿದೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ಪಂಜುರ್ಲಿ ದೈವದ ಒಂದೇ ಮುಖ, ಒಂದೇ ಕೋನ, ಒಂದೇ ಬೆಂಕಿಯ ಬೆಳಕು ಎಲ್ಲ ಕಡೆ. ನಮ್ಮ ಕಾಲದಲ್ಲಿ ಕೋಲದ ಅಣಿಯನ್ನು ಬರೆಯಬೇಕಾದರೆ ರಾತ್ರಿಯಿಡೀ ನಿಂತು ನೋಡಬೇಕಿತ್ತು. ಕೆ‌ಲವು ಸ್ಥಾನಗಳಲ್ಲಿ ಫೋಟೊ ತೆಗೆಯುವಂತಿಲ್ಲ ಎಂಬ ನಿಯಮ ಇಂದಿಗೂ ಇದೆ. ಈಗ ಚಿತ್ರ ಮಾಡಿಕೊಡುವ ಎಐಗೆ ಆ ನಿಯಮ ಗೊತ್ತಿಲ್ಲ. ಭೂತಕೋಲದ ಚಿತ್ರ ಕೇಳಿದರೆ ಅದು ಕಥಕಳಿಯ ಹಸಿರು ಮುಖ, ತೆಯ್ಯದ ಕೆಂಪು, ಯಾವುದೋ ದೇವಸ್ಥಾನದ ಗೋಪುರ ಎಲ್ಲ ಸೇರಿಸಿ ಕೊಡುತ್ತದೆ. ಜಾತ್ರೆಯ ಆಮಂತ್ರಣಗಳಲ್ಲಿ ಇಂಥವು ಈಗಾಗಲೇ ಬಂದಿವೆ. ಅದೂ ನೋಡಿಯೇ ಬರೆದದ್ದು. ಎಷ್ಟೋ ಜನರ ಫೋಟೊ, ಎಷ್ಟೋ ಚಿತ್ರಗಾರರ ಗೆರೆ ಅದರೊಳಗಿವೆ. ವ್ಯತ್ಯಾಸವೆಂದರೆ ನಮ್ಮ ಟ್ರಂಕಿನ ಕತ್ತರಿಕೆಯ ಹಿಂದೆ ಪತ್ರಿಕೆಯ ಹೆಸರಾದರೂ ಇರುತ್ತಿತ್ತು.

ಮೊಬೈಲಿನ ಫೋಟೊಗೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನಿಗೆ ತಾನು ನಿಂತದ್ದೇ ಗೊತ್ತಿರುವುದಿಲ್ಲ. ನಮ್ಮವನಿಗೆ ಒಂದು ಚಾ ಸಿಕ್ಕಿತ್ತು, ಇವನಿಗೆ ಅದೂ ಇಲ್ಲ. ಅವನು ಬೇಡ ಅನ್ನುವ ಮೊದಲೇ ಅವನ ಮುಖ ಸ್ಟೇಟಸ್ಸಿನಲ್ಲಿರುತ್ತದೆ. ರಾಕ್‌ವೆಲ್ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ನಿಂತ ನೆರೆಕರೆಯವರಿಗೆ ಹಣ ಕೊಡುತ್ತಿದ್ದದ್ದು. ಅವರು ಯಾರೆಂಬುದು ಇಂದಿಗೂ ಆ ಊರಿನವರಿಗೆ ಗೊತ್ತು, ಆ ಫೋಟೊಗಳು ಅವನ ಹೆಸರಿನ ಮ್ಯೂಸಿಯಮ್ಮಿನಲ್ಲಿವೆ.

ಇದನ್ನು ಇಲ್ಲಿ ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಕೇಳಿ ನಿಲ್ಲಿಸಬೇಕು, ನಿಂತ ಹೊತ್ತಿಗೆ ಆ ದಿನದ ಸಂಬಳದ ಲೆಕ್ಕದಲ್ಲಿ ಕೊಡಬೇಕು, ಅವರು ಒಪ್ಪಿದರೆ ಹೆಸರು ಹಾಕಬೇಕು. ಬೇರೆಯವರ ಫೋಟೊ ನೋಡಿ ಬರೆದಿದ್ದರೆ ತೆಗೆದವರ ಹೆಸರನ್ನೂ ಹಾಕಬೇಕು. ಜಾಗವಿಲ್ಲ ಎಂದು ಪ್ರಕಾಶಕರು ಹೇಳುವಂತಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳ ಎರಡನೆಯ ಪುಟದಲ್ಲಿ ಬಳಸಿದ ಕಾಗದ ಎಷ್ಟು ಜಿಎಸ್‌ಎಮ್ಮಿನದು, ಯಾವ ಮ್ಯಾಪ್‌ಲಿಥೊ, ಯಾವ ಅಳತೆ ಎಂದು ಅಚ್ಚುಹಾಕುವ ಪದ್ಧತಿಯನ್ನು ಅವರು ಪಾಲಿಸಿಕೊಂಡು ಬಂದಿದ್ದಾರೆ. ಕಾಗದಕ್ಕೆ ಸಿಕ್ಕಿದ ಆ ಒಂದು ಸಾಲು ಹಾರೆ ಹಿಡಿದು ನಿಂತವನಿಗೂ ಸಿಗಬಹುದು.